ನಮ್ಮ ಸೀಮೆಯ ಹಗೇವುಗಳು

ಕೃಷ್ಣಾ ಭೀಮಾ ನದಿಗಳ ನಡುವೆ ಹಬ್ಬಿಕೊಂಡಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಸಂಚರಿಸುವವರಿಗೆ, ಹಳೆಯ ವಾಡೆಗಳ ಮುಂದಾಗಲಿ ಅಗಸಿಯ ಒಳಮಗ್ಗುಲಿಗಾಗಲಿ ನೆಲದ ಮಟ್ಟಕ್ಕೆ ಹೂತಿರುವ ದುಂಡನೆಯ ಒಂದು ಹಾಸುಗಲ್ಲು ಆಗಾಗ ಕಣ್ಣಿಗೆ ಬೀಳುವದುಂಟು. ಹುಡುಗರು ಅದರ ಮೇಲೆ ಕುಳಿತು ಮೊಬೈಲು ನೋಡುತ್ತಿರುತ್ತಾರೆ. ಮುದುಕರು ಬಿಸಿಲು ಕಾಯಿಸುತ್ತಿರುತ್ತಾರೆ. ಆ ಕಲ್ಲಿನ ಕೆಳಗೆ ಏನಿದೆಯೆಂದು ಕೇಳಿದರೆ ಮುದುಕರು "ಹಗೇವು" ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವರು. ಹುಡುಗರಿಗೆ ಆ ಶಬ್ದವೇ ಹೊಸದು. ಮೂರು ದಶಕಗಳ ಕಾಲ ಶಾಲೆಯಲ್ಲಿ ಪಾಠ ಹೇಳಿದ ನನಗೆ, ಕೊನೆಕೊನೆಯ ವರುಷಗಳಲ್ಲಿ ಈ ಶಬ್ದದ ಅರ್ಥವನ್ನು ಕರಿಹಲಗೆಯ ಮೇಲೆ ಚಿತ್ರ ಬರೆದು ತಿಳಿಸಬೇಕಾಗುತ್ತಿತ್ತು. ಯಾವ ವಸ್ತುವಿನ ಹೆಸರನ್ನು ಒಕ್ಕಲುತನದ ಮನೆಯ ಮಕ್ಕಳಿಗೇ ಚಿತ್ರ ಬರೆದು ಹೇಳಬೇಕಾಗುವದೋ ಆ ವಸ್ತುವಿನ ಕಾಲವು ಮುಗಿಯಿತೆಂದೇ ತಿಳಿಯತಕ್ಕದ್ದು. ಈಚೆಗೆ ಈ ನಾಲ್ಕು ತಾಲೂಕುಗಳನ್ನೂ ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ ಮೊದಲಾದ ಹೊಸ ತಾಲೂಕುಗಳನ್ನು ಮಾಡಿರುವರು. ಜಿಲ್ಲೆಯ ಹೆಸರೂ ೨೦೧೪ನೆಯ ನವೆಂಬರದಿಂದ ವಿಜಯಪುರವೆಂದಾಗಿದೆ. ನಾನು ಹೇಳುವದು ಹಳೆಯ ಮಾತಾದ್ದರಿಂದ ಹಳೆಯ ಎಲ್ಲೆಗಳನ್ನೇ ಇಟ್ಟುಕೊಂಡು ಬರೆಯುತ್ತೇನೆ.

ಹಗೇವೆಂದರೆ ಧಾನ್ಯವನ್ನು ಕೂಡಿಡುವ ನೆಲಮಾಳಿಗೆಯೆಂದು ನಿಘಂಟಿನ ರೀತಿಯಿಂದ ಹೇಳಬಹುದು. ಆದರೆ ಮಾಳಿಗೆಯೆಂಬ ಶಬ್ದದಿಂದ ಅದರ ಆಕಾರವು ಮನಸ್ಸಿಗೆ ಬಾರದು. ನೀರಿನ ಕೊಡವೊಂದನ್ನು ಕೊರಳಿನ ವರೆಗೆ ಹೂತರೆ ಹೇಗಿರುವದೋ ಹಾಗೆ ಅದರ ರೂಪ. ಬಾಯಿ ಕಿರಿದು, ಒಬ್ಬ ಮನುಷ್ಯನು ಭುಜವನ್ನು ಓರೆಮಾಡಿಕೊಂಡು ಇಳಿಯುವಷ್ಟು; ಕೊರಳು ಗಿಡ್ಡ; ಹೊಟ್ಟೆ ಅಗಲ; ಆಳವು ಒಂದಾಳಿನಿಂದ ಎರಡಾಳಿನ ವರೆಗೆ. ಸಣ್ಣ ಹಗೇವಿನಲ್ಲಿ ಹತ್ತು ಹದಿನೈದು ಚೀಲ ಜೋಳ ಹಿಡಿಯುತ್ತಿದ್ದರೆ, ಗೌಡರ ದೇಸಾಯರ ವಾಡೆಗಳಲ್ಲಿ ನೂರು ಚೀಲ ಹಿಡಿಯುವ ಹಗೇವುಗಳೂ ಇದ್ದವು. ನಮ್ಮ ಸೀಮೆಯ ಪ್ರಸಿದ್ಧವಾದ ಎರೆಯ ಮಣ್ಣು ಈ ಕೆಲಸಕ್ಕೆ ಒದಗುವದಿಲ್ಲ. ಅದು ಮಳೆಗಾಲದಲ್ಲಿ ಉಬ್ಬುವದು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವದು; ಅಂಥ ನೆಲದಲ್ಲಿ ಹಗೇವು ತೆಗೆದರೆ ಒಂದೇ ಮಳೆಗೆ ಜೋಳವೆಲ್ಲ ಮೊಳೆತು ಕೊಳೆತು ಹೋದೀತು. ಆದಕಾರಣ ಊರಿನೊಳಗೆ ಎತ್ತರವಾದ, ಗಟ್ಟಿಯಾದ, ನೀರು ನಿಲ್ಲದ ಗರಸು ನೆಲವನ್ನು ಆರಿಸುತ್ತಿದ್ದರು. ಹೊಲವು ಎಲ್ಲಿಯೇ ಇರಲಿ, ಹಗೇವು ಮಾತ್ರ ಊರಲ್ಲಿಯೇ, ಬಹುಮಟ್ಟಿಗೆ ಮನೆಯ ಪಡಸಾಲೆಯಲ್ಲಿ ಇಲ್ಲವೆ ತಲೆಬಾಗಿಲ ಮುಂದೆಯೇ ಇರುತ್ತಿತ್ತು.

ಹಗೇವನ್ನು ತುಂಬುವದು ಮಾಘ ಫಾಲ್ಗುಣಗಳ ಕೆಲಸ. ಕಣದಲ್ಲಿ ಹಂತಿ ಹೊಡೆದು, ತೂರಿ, ರಾಶಿಗೆ ಪೂಜೆಯಾದ ಮೇಲೆ ಜೋಳವನ್ನು ಬಿಸಿಲಿಗೆ ಹರವಿ ಚೆನ್ನಾಗಿ ಒಣಗಿಸುವರು. ಇತ್ತ ಹಗೇವಿನೊಳಗೆ ಒಣ ಕಣಿಕೆಯನ್ನು ಹಾಕಿ ಉರಿಹಚ್ಚಿ ಗೋಡೆಗಳ ತೇವವನ್ನು ಹೀರಿಸುವರು. ಆಮೇಲೆ ತಳಕ್ಕೂ ಸುತ್ತಲೂ ಕಣಿಕೆ ಹುಲ್ಲುಗಳ ದಪ್ಪನಾದ ಅಸ್ತರು. ಅದರ ಒಳಗೆ ಹೊಟ್ಟು. ಒಬ್ಬನು ಒಳಗೆ ನಿಂತು ಹುಲ್ಲನ್ನು ಗೋಡೆಗೆ ಒತ್ತಿಹಿಡಿಯುತ್ತ ಮೇಲಮೇಲಕ್ಕೆ ಬಂದ ಹಾಗೆ ಜೋಳವನ್ನು ಸುರಿಯುತ್ತ ಹೋಗುವರು. ಅಳೆಯುವವನು ಮೊದಲನೆಯ ಅಳತೆಗೆ "ಒಂದು" ಎನ್ನುವದಿಲ್ಲ, "ಲಾಭ" ಎನ್ನುವನು. ಎರಡರಿಂದ ಎಣಿಕೆ ಮುಂದುವರಿಯುವದು. ಕೊರಳಿನ ತನಕ ತುಂಬಿದ ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಹಾಸುಗಲ್ಲು, ಕಲ್ಲಿನ ಸಂದಿಗೆ ಕಲಸಿದ ಮಣ್ಣು. ಅದರ ಮೇಲೆ ಮಣ್ಣಿನ ಸಣ್ಣ ದಿಬ್ಬವನ್ನು ಮಾಡಿ, ಮಳೆಯ ನೀರು ಹರಿದು ಹೋಗುವಂತೆ ಸಾರಿಸಿಬಿಡುವರು. ಮುಚ್ಚಿದ ಹಗೇವನ್ನು ಎರಡು ವರುಷ, ಮೂರು ವರುಷ ತೆರೆಯದೆ ಇಡುವದೂ ಉಂಟು.

ಇಷ್ಟು ದಿನ ನೆಲದಲ್ಲಿ ಹೂತ ಕಾಳಿಗೆ ನುಸಿ ಹತ್ತದಿರುವದೇಕೆ? ಇದಕ್ಕೆ ಉತ್ತರ ಸುಲಭವಾದುದು. ಒಣಗಿದ ಕಾಳೂ ಜೀವವುಳ್ಳದ್ದೇ. ಅತಿ ಮಂದವಾಗಿ ಉಸಿರಾಡುತ್ತಿರುವದು. ಅದರೊಡನೆ ಸೇರಿಕೊಂಡ ಹುಳುಗಳಂತೂ ನಮ್ಮಂತೆಯೇ ಉಸಿರಾಡುವವು. ಹೊರಗಿನ ಗಾಳಿಯಲ್ಲಿ ನೂರಕ್ಕೆ ೨೧ ಪಾಲು ಪ್ರಾಣವಾಯುವಿರುತ್ತದೆ. ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುವೂ ಸೇರಿ ಅದನ್ನು ಕೆಲವೇ ವಾರಗಳಲ್ಲಿ ತೀರಿಸಿಬಿಡುವವು. ಅದರ ಸ್ಥಾನದಲ್ಲಿ ಇಂಗಾಲಾಮ್ಲ ವಾಯು ತುಂಬಿಕೊಳ್ಳುವದು. ಹುಳು ಉಸಿರುಕಟ್ಟಿ ಸಾಯುವದು, ಕಾಳು ನಿದ್ದೆಹೋದಂತೆ ಬಿದ್ದಿರುವದು. ಔಷಧವಿಲ್ಲ, ಪುಡಿಯಿಲ್ಲ, ಖರ್ಚಿಲ್ಲ. ಅಮೇರಿಕೆಯ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕೆಯ ರೈತರ ಸಲುವಾಗಿ ಮೂರು ಪದರಿನ ಗಾಳಿಯಾಡದ ಚೀಲವನ್ನು ಕಂಡುಹಿಡಿದಿರುವರು. ಅದರ ತತ್ತ್ವವೂ ಇದೇ. ಮೇಲಾಗಿ ಇದು ನಮ್ಮವರೊಬ್ಬರೇ ಕಂಡುಕೊಂಡ ಉಪಾಯವೂ ಅಲ್ಲ. ಸುಡಾನ ದೇಶದಲ್ಲಿ ಇದೇ ಜೋಳವನ್ನು ಮತ್‌ಮೂರವೆಂಬ ನೆಲದ ಕುಣಿಗಳಲ್ಲಿ ಕೂಡಿಡುವ ರೂಢಿಯಿದೆ. ಮಾಲ್ಟಾ ದ್ವೀಪದ ಫ್ಲೋರಿಯಾನದಲ್ಲಿ ಹಿಂದಿನ ಕಾಲದ ಕಣಜಗಳ ಕಲ್ಲುಮುಚ್ಚಳಗಳು ಇಡಿಯ ಚೌಕದ ತುಂಬ ಸಾಲುಸಾಲಾಗಿ ಈಗಲೂ ಕಾಣುತ್ತವೆ. ಮಳೆ ಕಡಿಮೆ, ನೆಲ ಗಟ್ಟಿ, ಬರದ ಅಂಜಿಕೆ ಹೆಚ್ಚು ಇರುವಲ್ಲೆಲ್ಲ ಮನುಷ್ಯನ ಬುದ್ಧಿಯು ಒಂದೇ ದಾರಿಯನ್ನು ಹಿಡಿದಿರುವದು.

ಹಗೇವಿನ ಜೋಳದ ಗುಣವನ್ನೇ ಹೇಳಿ ದೋಷವನ್ನು ಮುಚ್ಚಿಡುವದು ತರವಲ್ಲ. ಗೋಡೆಗೆ ಹತ್ತಿದ ಕಾಳು ಮುಗ್ಗಾಗುತ್ತಿತ್ತು. ನಡುವಿನ ಕಾಳಿಗೂ ಒಂದು ಬಗೆಯ ಕಮಟು ವಾಸನೆ ಬರುತ್ತಿತ್ತು, ಬಣ್ಣವು ಹಳದಿಗೆ ತಿರುಗುತ್ತಿತ್ತು. ಅದರ ರೊಟ್ಟಿಯನ್ನು ಹೊಸಬರು ಮೂಗು ಮುರಿದೇ ತಿನ್ನಬೇಕು. ರೂಢಿಯಾದವರಿಗೆ ಮಾತ್ರ ಹೊಸ ಜೋಳದ ರೊಟ್ಟಿ ಸಪ್ಪೆಯೆನಿಸುವದು. ಬಹುದಿನ ಹಗೇವಿನಲ್ಲಿದ್ದ ಕಾಳು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವದರಿಂದ ಬೀಜದ ಜೋಳವನ್ನು ಬೇರೆಯಾಗಿ, ಬೂದಿಯನ್ನೂ ಬೇವಿನೆಲೆಯನ್ನೂ ಬೆರೆಸಿ ಮಣ್ಣಿನ ಪಾತ್ರೆಯಲ್ಲಿ ಇಡುತ್ತಿದ್ದರು. ಎಲ್ಲಕ್ಕೂ ದೊಡ್ಡ ದೋಷವೆಂದರೆ ಆ ವಿಷವಾಯು. ಅದು ಗಾಳಿಗಿಂತ ಭಾರವಾದುದು, ತಳದಲ್ಲಿಯೇ ಮಡುಗಟ್ಟಿ ನಿಂತಿರುವದು, ಬಣ್ಣವಿಲ್ಲ, ವಾಸನೆಯಿಲ್ಲ. ಕಲ್ಲು ತೆಗೆದು ಬಹಳ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕೆಂಬ ನಿಯಮವಿದ್ದಿತು. ನಿಯಮವನ್ನು ಅವಸರದಲ್ಲಿ ಮರೆತು ಇಳಿದವರು, ಅವರನ್ನು ಎತ್ತಹೋದವರು ಪ್ರಾಣ ಬಿಟ್ಟ ಸುದ್ದಿಗಳನ್ನು ನಾವು ಚಿಕ್ಕವರಿದ್ದಾಗ ಕೇಳುತ್ತಿದ್ದೆವು. ಮನೆಯ ಮುಂದೆಯೇ ಅನ್ನದ ಭಾಂಡಾರ, ಅದರೊಳಗೇ ಮೃತ್ಯು!

ಸಂಸ್ಕೃತದಲ್ಲಿ ಕಣಜಕ್ಕೆ ಕುಸೂಲವೆಂದು ಹೆಸರು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಗೃಹಸ್ಥರನ್ನು ಧಾನ್ಯಸಂಗ್ರಹದ ಮೇಲಿಂದ ನಾಲ್ಕು ವರ್ಗ ಮಾಡಿದೆ: ಕಣಜದ ತುಂಬ ಕಾಳುಳ್ಳವನು, ಗಡಿಗೆಯ ತುಂಬ ಕಾಳುಳ್ಳವನು, ಮೂರು ದಿನಕ್ಕೆ ಸಾಲುವಷ್ಟುಳ್ಳವನು, ನಾಳೆಗೆ ಏನೂ ಇಲ್ಲದವನು. ಇವರಲ್ಲಿ ಮುಂದುಮುಂದಿನವನೇ ಶ್ರೇಷ್ಠನೆಂದು ಸ್ಮೃತಿಕಾರನ ಅಭಿಪ್ರಾಯ. ಪಾಠಶಾಲೆಯಲ್ಲಿ ಈ ಶ್ಲೋಕವನ್ನು ಓದುವಾಗ ನನಗೆ ನಮ್ಮ ಆಯಿಯ ನೆನಪು ಬರುತ್ತಿತ್ತು. ನಾಳೆಗೆ ಕಾಳಿಲ್ಲದವನು ಶ್ರೇಷ್ಠನೆಂಬ ಮಾತನ್ನು ಆಕೆಯ ಮುಂದೆ ಆಡಿದ್ದರೆ, "ಹಂಗಂದಾವಗ ಡೋಣಿ ಬರಗಾಲ ಗೊತ್ತಿಲ್ಲ ತಗಿ" ಎಂದು ಒಂದೇ ಮಾತಿನಿಂದ ಆ ವಾದವನ್ನು ಮುಗಿಸುತ್ತಿದ್ದಳು.

ಡೋಣಿ ನದಿಯ ದಂಡೆಯ ಎರೆಯಂಥ ಎರೆ ಮತ್ತೆಲ್ಲಿಯೂ ಇಲ್ಲ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂಬ ಗಾದೆಯು ಸುಳ್ಳಲ್ಲ; ಆದರೆ ಬೆಳೆದರೆ ಎಂಬ ಶಬ್ದದಲ್ಲಿಯೇ ಎಲ್ಲ ಅಡಗಿದೆ. ವರುಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆಯ ಈ ಸೀಮೆಯಲ್ಲಿ ಹಿಂಗಾರಿಯ ಎರಡು ಮಳೆ ತಪ್ಪಿದರೆ ಹೊಲವೆಲ್ಲ ಬರಿದು. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆಯು, ಎಂದರೆ ನಮ್ಮ ಜಿಲ್ಲೆಯೇ, ಮುಂಬಯಿ ಇಲಾಖೆಯಲ್ಲಿ ಅತಿಶಯವಾಗಿ ನೊಂದ ಜಿಲ್ಲೆಗಳಲ್ಲೊಂದು. ೧೮೭೨ರ ಖಾನೇಷುಮಾರಿಯ ಲೆಕ್ಕಕ್ಕೆ ೧೮೮೧ರ ಲೆಕ್ಕವನ್ನು ಹೋಲಿಸಿದರೆ ಸುಮಾರು ಐದರಲ್ಲೊಂದು ಪಾಲು ಜನವೇ ಕಡಿಮೆಯಾಗಿದ್ದಿತು. ಕೆಲವರು ಸತ್ತು, ಕೆಲವರು ದೇಶಾಂತರ ಹೋಗಿ. ಇಂಥ ಸೀಮೆಯಲ್ಲಿ ಒಂದು ಸುಗ್ಗಿಯ ಕಾಳನ್ನು ಎರಡು ಮೂರು ವರುಷ ಕಾಯ್ದಿಡುವ ವಿದ್ಯೆಯು ಭೋಗಕ್ಕಾಗಿ ಹುಟ್ಟಿದ್ದಲ್ಲ.

೧೯೭೨ರ ಬರಗಾಲವು ನನಗೆ ನೆನಪಿದೆ. ಆಗ ನನಗೆ ಏಳೆಂಟು ವರುಷ. ಅದರ ಹಿಂದಿನ ವರುಷವೂ ಬೆಳೆ ಅಷ್ಟಕ್ಕಷ್ಟೇ. ಊರಿನ ಗಟ್ಟಿ ಆಳುಗಳೆಲ್ಲ ಸರಕಾರದ ಕಾಮಗಾರಿಯಲ್ಲಿ ರಸ್ತೆಗೆ ಖಡಿ ಒಡೆಯಲು ಹೋಗುತ್ತಿದ್ದರು. ನಮ್ಮ ಮನೆಯ ಹಗೇವು ಇಪ್ಪತ್ತೈದು ಚೀಲದ್ದು. ಅದರಲ್ಲಿ ಎರಡು ವರುಷದ ಹಿಂದಿನ ಜೋಳವಿದ್ದಿತು. ಮುತ್ಯಾ ತೀರಿಹೋಗಿದ್ದುದರಿಂದ ಆಯಿಯೇ ಯಜಮಾನಿ. ಆಕೆ ಹಗೇವನ್ನು ತೆಗೆಸಿದ ಸಂಗತಿ ಊರಿಗೆ ಗೊತ್ತಾಗದೆ ಉಳಿಯುವಂತಿರಲಿಲ್ಲ. ಆ ವಾಸನೆಯೇ ಓಣಿಗೆಲ್ಲ ಡಂಗುರ ಹೊಡೆಯುವಂಥದು. ದೀಪ ಹಚ್ಚುವ ಹೊತ್ತಿಗೆ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ, ಸೆರಗಿನೊಳಗೆ ಬುಟ್ಟಿ ಮರೆಮಾಡಿಕೊಂಡು ಬರುತ್ತಿದ್ದರು.

"ಆಯೀ, ಎರಡು ಸೇರು ಕಡಾ ಕೊಡ್ರಿ. ಸುಗ್ಗಿಗೆ ಮುಟ್ಟಸ್ತೀವಿ."

"ಕಡಾ ಅಂತ ಯಾಕ ಬಾಯಿ ಸಣ್ಣ ಮಾಡತೀಯವ್ವಾ. ನಿಂದಽ ಜ್ವಾಳ ನನ್ನ ಹಗೇವಿನ್ಯಾಗ ಇತ್ತು ಅಂತ ತಿಳಕೊ."

ಹೀಗೆ ಹೇಳಿದರೂ ಆಯಿ ಲೆಕ್ಕವನ್ನು ಬಿಡುತ್ತಿರಲಿಲ್ಲ. ಲೆಕ್ಕವಿಲ್ಲದೆ ಕೊಟ್ಟರೆ ಇಸಿದುಕೊಂಡವರ ಮಾನಕ್ಕೆ ಕುಂದು ಎಂಬುದು ಆಕೆಯ ತಿಳುವಳಿಕೆ. ಅಕ್ಷರ ಬಾರದ ಆಕೆ ಅಡಿಗೆಯ ಮನೆಯ ಒಂದು ಗೋಡೆಯ ಮೇಲೆ, ಒಂದೊಂದು ಮನೆಗೆ ಒಂದೊಂದು ಸಾಲಿನಂತೆ ಕೆಮ್ಮಣ್ಣಿನ ಗೆರೆಗಳನ್ನು ಎಳೆಯುತ್ತಿದ್ದಳು. ಸೇರಿನಿಂದ ಅಳೆದು ಕೊಡುವಾಗ ಕಾಳು ಮೇಲೆ ಗೋಪುರ ಕಟ್ಟಿ ಉದುರುವಷ್ಟು ತುಂಬುವಳು. ತಿರುಗಿ ಅಳೆದುಕೊಳ್ಳುವಾಗ ಅಂಗೈಯಿಂದ ಬಾಯಿಮಟ್ಟಕ್ಕೆ ಸವರಿ, ಉಳಿದುದನ್ನು ತಂದವರ ಬುಟ್ಟಿಗೇ ನೂಕುವಳು. ಇದೇ ಸೇರನ್ನು ಕೊಡುವಾಗ ಸವರಿ, ಕೊಳ್ಳುವಾಗ ಗೋಪುರ ಕಟ್ಟುವ ಜನರೂ ಆಗ ಕಡಿಮೆಯಿದ್ದಿಲ್ಲ. ಬಡವನ ಹೊಲ ಸಾಹುಕಾರನ ಪಾಲಾಗುತ್ತಿದ್ದುದು ಬಹಳ ಸಾರೆ ಈ ಅಂಗೈಯಗಲದ ವ್ಯತ್ಯಾಸದಿಂದಲೇ.

ಆಷಾಢದ ಹೊತ್ತಿಗೆ ನಮ್ಮ ಹಗೇವಿನ ತಳ ಕಂಡಿತು. ಆ ದಿನ ಆಯಿಯೂ ತಾಯಿಯೂ ಹೆಚ್ಚು ಮಾತನಾಡಲಿಲ್ಲ. ಆಮೇಲೆ ನಾವೂ ಎಲ್ಲರಂತೆ ಪರದೇಶದಿಂದ ಬಂದ ಕೆಂಪು ಜೋಳದ ರೊಟ್ಟಿಯನ್ನು ತಿಂದೆವು. ಅದು ತಟ್ಟಿದರೆ ಹರಿಯುತ್ತಿತ್ತು, ತಿಂದರೆ ಗಂಟಲಲ್ಲಿ ನಿಲ್ಲುತ್ತಿತ್ತು. ಆದರೂ ಹೊಟ್ಟೆಯನ್ನು ಕಾಯಿತು, ಅದಕ್ಕೆ ಕೃತಘ್ನರಾಗಬಾರದು. ಮುಂದೆ ಸುಗ್ಗಿ ಬಂದ ಮೇಲೆ ಗೋಡೆಯ ಗೆರೆಗಳು ಒಂದೊಂದಾಗಿ ಅಳಿಸಿದವು. ಒಂದು ಸಾಲು ಮಾತ್ರ ಉಳಿಯಿತು. ಆ ಮನೆಯವರು ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವರು ತಿರುಗಿ ಬರಲೇ ಇಲ್ಲ. ದಸರೆಗೆ ಮನೆಯನ್ನೆಲ್ಲ ಸಾರಿಸಿ ಸುಣ್ಣ ಬಳಿಯುವಾಗ ಆಯಿ ಆ ಗೋಡೆಯ ಆ ತುಂಡನ್ನು ಬಳಿಯಗೊಡುತ್ತಿರಲಿಲ್ಲ. ಹನ್ನೊಂದು ಸೇರಿನ ಆಶೆ ಇನ್ನೂ ಬಿಟ್ಟಿಲ್ಲವೆಂದು ನಾವು ನಗುತ್ತಿದ್ದೆವು. "ಅವರು ಬಂದು ಕೇಳಿದರ ಏನ ತೋರಸ್ಲಿ?" ಎಂದು ಆಕೆ ಹೇಳುವಳು. ಆಕೆ ಇರುವ ತನಕ ಆ ಗೆರೆಗಳಿದ್ದವು.

ಈ ಸೇರಿನ ವಿಷಯವಾಗಿಯೂ ಎರಡು ಮಾತು. ತೂಕದ ಸೇರೆಂದರೆ ೮೦ ತೊಲ, ಎಂದರೆ ಈಗಿನ ೯೩೩ ಗ್ರಾಮು. ಅಂಥ ೪೦ ಸೇರಿಗೆ ಒಂದು ಮಣ. ಕಾಳಿನ ಅಳತೆಯ ಸೇರು ಬೇರೆ. ಅದು ಊರಿಂದೂರಿಗೆ ಹೆಚ್ಚುಕಡಿಮೆ. ಸೇರು, ಅಚ್ಛೇರು, ಪಾವುಸೇರು, ಛಟಾಕು ಎಂದು ಅರ್ಧ ಕಾಲುಗಳಾಗಿ ಇಳಿಯುವ ಈ ಕ್ರಮಕ್ಕೆ ಹಳೆಯ ದಾಯಾದಿಗಳುಂಟು. ನಾಲ್ಕು ಕುಡವಕ್ಕೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣವೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಲೆಕ್ಕವಿದೆ. ನಮ್ಮ ಶಿಲಾಶಾಸನಗಳಲ್ಲಿ ನಂದಾದೀಪದ ಎಣ್ಣೆಯನ್ನೂ ಕಾಳುಕಡಿಯ ದತ್ತಿಯನ್ನೂ ಸೊಲ್ಲಿಗೆ, ಮಾನ, ಕೊಳಗಗಳಿಂದ ಹೇಳಿದೆ. ಮನುಷ್ಯನು ಒಂದು ರೊಟ್ಟಿಯನ್ನು ಹಂಚಬೇಕಾದರೆ ಮೊದಲು ಎರಡು ಮಾಡುವನು, ಆಮೇಲೆ ನಾಲ್ಕು ಮಾಡುವನು. ಹತ್ತು ಮಾಡಲು ಹೋಗುವದಿಲ್ಲ. ಹಳೆಯ ಅಳತೆಗಳ ಬೇರು ಅಲ್ಲಿಯೇ ಇರಬೇಕು.

೧೯೫೬ರಲ್ಲಿ ತೂಕ ಅಳತೆಗಳ ಹೊಸ ಕಾಯಿದೆಯಾಯಿತು. ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ನಯೇ ಪೈಸೆ ಬಂದವು. ೧೯೫೮ರ ಅಕ್ಟೋಬರದಿಂದ ಕಿಲೋಗ್ರಾಮಿನ ತೂಕವು ಹಂತಹಂತವಾಗಿ ಬಳಕೆಗೆ ಬಂದಿತು. ನಾವು ಶಾಲೆಗೆ ಸೇರುವಾಗ ಪುಸ್ತಕದಲ್ಲಿ ಕಿಲೋ, ಮನೆಯಲ್ಲಿ ಸೇರು. ಹಿರಿಯರು ಇಪ್ಪತ್ತೈದು ಪೈಸೆಯನ್ನು ನಾಕಾಣೆಯೆಂದೇ ಕರೆಯುತ್ತಿದ್ದರು. ಆ ನಾಣ್ಯವೇ ೨೦೧೧ನೆಯ ಜೂನ್ ತಿಂಗಳ ಕೊನೆಗೆ ರದ್ದಾಗಿ ಹೋಯಿತು. ಹೆಸರು ಮಾತ್ರ ಕೆಲವು ಬಾಯಿಗಳಲ್ಲಿ ಇನ್ನೂ ಇದೆ. ಹಳೆಯ ಮುಂಬಯಿ ಪ್ರಾಂತದ ಶಾಲೆಗಳಲ್ಲಿ ಕಲಿತವರು ಪಾವಕಿ, ಸವಾಯಕಿ, ದೀಡಕಿ, ಅಡೀಚಕಿಗಳ ಮಗ್ಗಿಗಳನ್ನು ಬಾಯಿಪಾಠ ಹೇಳುವದನ್ನು ಕೇಳಿ ನಾವು ಬೆರಗಾಗುತ್ತಿದ್ದೆವು. ಮೂರೂ ಕಾಲು ಸೇರಿಗೆ ಎರಡೂ ಮುಕ್ಕಾಲು ಆಣೆಯಂತೆ ಎಷ್ಟೆಂದು ಕೇಳಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ ಬರುತ್ತಿತ್ತು. ಆದರೂ ಒಬ್ಬ ಶಿಕ್ಷಕನಾಗಿ ಹೇಳುತ್ತೇನೆ, ಆ ಮಗ್ಗಿಗಳು ಹೋದುದಕ್ಕೆ ನನಗೆ ದುಃಖವಿಲ್ಲ. ಅವುಗಳನ್ನು ಕಲಿಸುವಾಗ ಮುರಿದ ಬೆತ್ತಗಳೆಷ್ಟೋ! ಊರಿಗೊಂದು ಸೇರು ಹೋಗಿ ದೇಶಕ್ಕೆಲ್ಲ ಒಂದು ಕಿಲೋ ಬಂದುದರಿಂದ ಬಡವನಿಗೆ ಒಳಿತೇ ಆಯಿತು. ಆಯಿಯ ಗೋಪುರದ ಸೇರು ಮಾತ್ರ ಯಾವ ಕಾಯಿದೆಯಲ್ಲಿಯೂ ಇರಲಿಲ್ಲ.

ಹಗೇವಿನಿಂದ ಬಂದ ಜೋಳವು ಸೇರಿನ ಬಾಯಿಂದ ಬೀಸುವ ಕಲ್ಲಿನ ಬಾಯಿಗೆ ಬರುವದು. ಈ ಕಲ್ಲಿನ ಕಥೆಯು ಹೆಣ್ಣುಮಕ್ಕಳ ಕಥೆ. ಬೆಳ್ಳಿ ಮೂಡುವ ಹೊತ್ತಿಗೆ ಅತ್ತೆ ಸೊಸೆಯರೋ ನೆಗೆಣ್ಣಿಯರೋ ಎದುರುಬದುರಾಗಿ ಕುಳಿತು, ಒಂದೇ ಗೂಟವನ್ನು ಇಬ್ಬರೂ ಹಿಡಿದು ಬೀಸಲು ತೊಡಗಿದರೆ ಬೆಳಗಾಗುವ ತನಕ ಓಣಿಯ ತುಂಬ ಆ ಘರಘರ ಶಬ್ದ. ವರುಷಕ್ಕೊಮ್ಮೆಯೋ ಎರಡು ಸಲವೋ ಕಲ್ಲು ಕಟೆಯುವವರು "ಕಲ್ಲು ಕಟಸ್ತೀರೇನ್ರೇ ಯವ್ವಾ" ಎಂದು ಕೂಗುತ್ತ ಬಂದು, ಸವೆದು ನುಣುಪಾದ ಕಲ್ಲುಗಳಿಗೆ ಚಾಣದಿಂದ ಮತ್ತೆ ಹಲ್ಲು ಮೂಡಿಸಿ ಹೋಗುತ್ತಿದ್ದರು. ಅವರಿಗೆ ಕೂಲಿಯೆಂದು ಕೊಡುತ್ತಿದ್ದುದೂ ಜೋಳವೇ.

ಬೀಸುವಾಗಿನ ಹಾಡುಗಳ ವಿಷಯದಲ್ಲಿ ನಮ್ಮ ಇಂಡಿ ತಾಲೂಕಿಗೆ ಒಂದು ವಿಶೇಷವಾದ ಕೀರ್ತಿಯುಂಟು. ಆ ತಾಲೂಕಿನ ಹಲಸಂಗಿಯೆಂಬ ಹಳ್ಳಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಮೊದಲಾದ ಗೆಳೆಯರು ಸೇರಿ, ಹೆಣ್ಣುಮಕ್ಕಳ ಬಾಯಿಂದ ಈ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. ೧೯೩೧ರಲ್ಲಿ "ಗರತಿಯ ಹಾಡು" ಎಂಬ ಸಂಗ್ರಹವು ಹೊರಬಂದಿತು. ಓದುಬರಹ ಬಲ್ಲವರು ಈ ಹಾಡುಗಳನ್ನು ಹೆಂಗಸರ ಗುಣುಗುಣು ಎಂದು ತಳ್ಳಿಹಾಕುತ್ತಿದ್ದ ಕಾಲವದು. ತವರುಮನೆ, ಅಣ್ಣತಮ್ಮಂದಿರು, ತೊಟ್ಟಿಲ ಕೂಸು, ಅತ್ತೆಯ ಮಾತು, ಗಂಡನ ಒಲವು ಮುನಿಸು, ಊರ ದೇವರು, ಕೊನೆಗೆ ಎದುರಿಗಿರುವ ಕಲ್ಲು, ಇವೆಲ್ಲ ಆ ಮೂರು ಮೂರು ಸಾಲುಗಳಲ್ಲಿ ಅಡಗಿರುವವು. ಮಧುರಚೆನ್ನರು ೧೯೫೩ರಲ್ಲಿ ತೀರಿಕೊಂಡರು. ಅವರೂ ಅವರ ಗೆಳೆಯರೂ ಈ ಕೆಲಸವನ್ನು ಇನ್ನು ಐವತ್ತು ವರುಷ ತಡಮಾಡಿದ್ದರೆ ಬರೆದುಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಏಕೆಂದರೆ ಆ ಹಾಡು ಕುಳಿತು ಹಾಡುವ ಹಾಡಲ್ಲ. ಕಲ್ಲಿನ ತಿರುವಿಗೆ ಅದರ ಲಯ, ತೋಳಿನ ಜಗ್ಗಿಗೆ ಅದರ ಉಸಿರು. ಕಲ್ಲು ನಿಂತ ದಿನ ಹಾಡು ನಿಂತಿತು. ಒಮ್ಮೆ ಆಕಾಶವಾಣಿಯಲ್ಲಿ ಇಂಥ ಹಾಡೊಂದನ್ನು ತಬಲಾ ಪೇಟಿಗಳೊಡನೆ ಹಾಡಿದುದನ್ನು ಕೇಳಿ ನಮ್ಮ ತಾಯಿ, "ಇಷ್ಟು ಅವಸರದಾಗ ಬೀಸಿದರ ಹಿಟ್ಟು ನುಚ್ಚಾಗತದ" ಎಂದಳು. ಇದಕ್ಕಿಂತ ಮಾರ್ಮಿಕವಾದ ವಿಮರ್ಶೆಯನ್ನು ನಾನು ಓದಿಲ್ಲ.

ಆದರೆ ಅದೇ ತಾಯಿಗೆ, "ಬೀಸುವ ಕಲ್ಲು ಇದ್ದ ಕಾಲ ಎಷ್ಟು ಚೆಂದಿತ್ತು, ಅಲ್ಲೇನವ್ವಾ?" ಎಂದು ಒಂದು ಸಲ ಕೇಳಿದಾಗ ಆಕೆ ನನ್ನ ಮುಖವನ್ನು ನೋಡಿ ನಕ್ಕುಬಿಟ್ಟಳು. "ನೀ ಬೀಸಿದ್ದರ ಗೊತ್ತಾಗತಿತ್ತು ನಿನಗ" ಎಂದಳು. ಎಂಟು ಜನರ ಮನೆಗೆ ದಿನಾಲು ಮೂರು ನಾಲ್ಕು ಸೇರು ಹಿಟ್ಟು. ಬಸುರಿಯಾಗಿದ್ದರೂ ಬೀಸಬೇಕು, ಬಾಣಂತನ ಮುಗಿದ ಮರುದಿನವೂ ಬೀಸಬೇಕು, ಜ್ವರ ಬಂದರೂ ಬೀಸಬೇಕು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಓಣಿಯ ಹೆಂಗಸರೆಲ್ಲ ಗಿರಣಿಗೆ ಕಾಯಿ ಒಡೆಸಿದರಂತೆ; ಗಂಡಸರು ಮಾತ್ರ ಗಿರಣಿಯ ಹಿಟ್ಟು ಸುಟ್ಟು ಬರುವದು, ರೊಟ್ಟಿಗೆ ರುಚಿಯಿಲ್ಲವೆಂದು ಗೊಣಗಿದರಂತೆ. ಅಂಗಳದಾಚೆ ಮಲಗಿ ಬೆಳಗಿನ ಜಾವದ ಹಾಡು ಕೇಳಿದವರ ಹಳಹಳಿಕೆಗೂ, ರಟ್ಟೆ ಹರಿಯುವಂತೆ ಬೀಸಿದವರ ನೆನಪಿಗೂ ಅಂತರವಿದೆ. ಹಿಂದಿನ ಕಾಲವನ್ನು ಹೊಗಳುವ ಲೇಖನಗಳನ್ನು ನಮ್ಮಂಥ ಗಂಡಸರೇ ಹೆಚ್ಚಾಗಿ ಬರೆಯುವದರ ಕಾರಣವು ಇದೇ ಇದ್ದೀತು.

ಕಲ್ಲು ನಿಂತುದಕ್ಕೆ ಗಿರಣಿ ಕಾರಣವಾಯಿತು. ಹಗೇವು ನಿಂತುದಕ್ಕೆ ಕಾರಣಗಳು ಹಲವು. ೧೯೬೪ರಲ್ಲಿ ಸಿ.ಎಸ್.ಎಚ್. ೧ ಎಂಬ ಮೊದಲನೆಯ ಸಂಕರ ಜೋಳವು ಬಂದಿತು. ಇಳುವರಿ ಹೆಚ್ಚು, ನಿಜ. ಆದರೆ ಮುಂಗಾರಿಯ ಆ ಜೋಳವು ತೆನೆ ಬಲಿಯುವಾಗ ಮಳೆಗೆ ಸಿಕ್ಕರೆ ಬೂಷ್ಟು ಹಿಡಿಯುವದು. ಕಣಕ್ಕೆ ಬರುವಾಗಲೇ ಕಪ್ಪಾದ ಕಾಳನ್ನು ಹಗೇವಿಗೆ ಯಾರು ಹಾಕುವರು? ಹಿಂಗಾರಿಯ ಮಾಲದಂಡಿ ಮಾತ್ರ ತನ್ನ ಮರ್ಯಾದೆಯನ್ನು ಉಳಿಸಿಕೊಂಡಿದೆ. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ ಸುಮಾರು ತೊಂಬತ್ತು ವರುಷಗಳ ಹಿಂದೆ ಆರಿಸಿದ ಎಂ. ೩೫-೧ ಎಂಬ ತಳಿಯು ಇಂದಿಗೂ ನಮ್ಮ ಹೊಲಗಳಲ್ಲಿದೆ. ೧೯೬೫ರಲ್ಲಿ ಭಾರತದ ಆಹಾರ ನಿಗಮವು ಹುಟ್ಟಿತು. ನ್ಯಾಯಬೆಲೆಯ ಅಂಗಡಿಗಳು ಬಂದವು. ೨೦೧೩ರಲ್ಲಿ ಅನ್ನಭಾಗ್ಯವು ಬಂದು, ಹಬ್ಬಕ್ಕೆ ಮಾತ್ರ ಅನ್ನ ಮಾಡುತ್ತಿದ್ದ ಮನೆಗಳಲ್ಲಿ ಅಕ್ಕಿಯು ನಿತ್ಯದ ಆಹಾರವಾಯಿತು. ಯಾರು ಏನೇ ಹೇಳಲಿ, ೧೯೭೨ರಲ್ಲಿ ಸೆರಗಿನೊಳಗೆ ಬುಟ್ಟಿ ಮರೆಮಾಡಿಕೊಂಡು ಬಂದವರನ್ನು ಕಂಡ ನಾನು ಇದನ್ನು ಹಳಿಯಲಾರೆ.

ಮತ್ತೊಂದು ಕಾರಣ ನೀರು. ಆಲಮಟ್ಟಿಯಲ್ಲಿ ೧೯೬೪ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಆಣೆಕಟ್ಟನ್ನು ೨೦೦೬ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ನಾಡಿಗೆ ಅರ್ಪಿಸಿದರು. ಆಲಮಟ್ಟಿ ನಾರಾಯಣಪುರಗಳ ಕಾಲುವೆಗಳು ಹರಿದಲ್ಲೆಲ್ಲ ಕಬ್ಬು, ಗೋವಿನಜೋಳ, ದ್ರಾಕ್ಷಿ. ಮಳೆಯನ್ನೇ ನಂಬಿದಲ್ಲಿ ತೊಗರಿ. ಇಂಡಿಯ ಲಿಂಬೆಗಂತೂ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇವೆಲ್ಲ ಮಾರುವ ಬೆಳೆಗಳು, ಕೂಡಿಡುವ ಬೆಳೆಗಳಲ್ಲ. ಕಾಲುವೆಯ ನೀರು ಜಿನುಗುವ ಊರುಗಳಲ್ಲಿ ನೆಲವು ತೇವ ಹಿಡಿಯಿತು. ತೇವದ ನೆಲದಲ್ಲಿ ಹಗೇವಿಗೆ ಆಯುಷ್ಯವಿಲ್ಲ. ಬಾಗೇವಾಡಿ ಮುದ್ದೇಬಿಹಾಳಗಳ ಕೃಷ್ಣೆಯ ದಂಡೆಯ ಹಲವು ಹಳ್ಳಿಗಳು ಮನೆ ಗುಡಿ ಹಗೇವುಗಳ ಸಹಿತವಾಗಿ ಹಿನ್ನೀರಿನಲ್ಲಿ ಮುಳುಗಿ ಹೋದವು. ಸರಕಾರವು ಮನೆಗೂ ಹೊಲಕ್ಕೂ ಪರಿಹಾರ ಕೊಟ್ಟಿತು. ಹೊಸ ಊರಿನ ನೆಟ್ಟನೆಯ ಬೀದಿಗಳಲ್ಲಿ ಹೊಸದಾಗಿ ಹಗೇವು ತೆಗೆದವರನ್ನು ನಾನು ಕಾಣೆ.

ಒಳಿತು ಕೆಡಕುಗಳನ್ನು ತೂಗಿ ನೋಡಿದರೆ ಬೀಸುವ ಕಲ್ಲು ಹೋದುದು ಒಳಿತೇ. ಊರಿಗೊಂದು ಸೇರು ಹೋದುದೂ ಒಳಿತೇ. ಹಗೇವಿನ ಮಾತು ಬಂದಾಗ ಮಾತ್ರ ನನ್ನ ಮನಸ್ಸು ಹಾಗೆ ನಿಶ್ಚಯವಾಗಿ ಹೇಳಲೊಲ್ಲದು. ಈಗ ನಮ್ಮ ಒಕ್ಕಲಿಗನು ಸುಗ್ಗಿಯ ವಾರದಲ್ಲಿಯೇ, ಪೇಟೆಯ ಧಾರಣಿ ತಳ ಕಂಡಿರುವಾಗಲೇ ಬೆಳೆಯನ್ನೆಲ್ಲ ಮಾರಿ, ಆರು ತಿಂಗಳ ಮೇಲೆ ಅದೇ ಜೋಳವನ್ನು ಅಂಗಡಿಯಿಂದ ಹೆಚ್ಚಿನ ಬೆಲೆಗೆ ಕೊಳ್ಳುವನು. ಕೂಡಿಡುವ ಸ್ಥಳ ಆತನಲ್ಲಿಲ್ಲ, ಕಾಯುವ ಧೈರ್ಯವೂ ಇಲ್ಲ. ಗಾಳಿಯಾಡದ ಚೀಲವಾಗಲಿ, ತಗಡಿನ ಕಣಜವಾಗಲಿ, ಮತ್ತಾವದೇ ಆಗಲಿ, ಒಂದು ವರುಷದ ಜೋಳ ಮನೆಯಲ್ಲಿದ್ದವನ ಮಾತಿನ ರೀತಿಯೇ ಅಡತಿಯ ಅಂಗಡಿಯಲ್ಲಿ ಬೇರೆಯಾಗಿರುವದು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇನ್ನು ಹಳೆಯ ಹಗೇವುಗಳುಳ್ಳ ಮನೆಯವರಿಗೆ ಒಂದು ಸೂಚನೆ. ಹಲವು ಊರುಗಳಲ್ಲಿ ಇವುಗಳ ಮೇಲೆಯೇ ಕಾಂಕ್ರೀಟಿನ ರಸ್ತೆಯಾಗಿದೆ, ಮನೆಗಳೆದ್ದಿವೆ. ಒಳಗೆ ಪೊಳ್ಳಾದ ನೆಲವು ಭಾರದ ಗಾಡಿ ಹೊರಳಿದರೆ ಕುಸಿಯಬಹುದು. ಎಲ್ಲಿ ಹಗೇವಿದ್ದಿತೆಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಗುರುತು ಮಾಡಿಟ್ಟುಕೊಳ್ಳಬೇಕು. ತೆರೆದುನೋಡುವ ಕುತೂಹಲ ಹುಟ್ಟಿದರೆ ಕಲ್ಲನ್ನು ತೆಗೆದು ಬಾಯನ್ನು ಒಂದೆರಡು ದಿನ ಬೇಲಿ ಕಟ್ಟಿ ತೆರೆದಿಡಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿರಿ, ಯಾರನ್ನೂ ಇಳಿಸಬೇಡಿರಿ. ಕಂದೀಲು ಆರಿದರೆ ವಿಷವಾಯುವಿದೆಯೆಂಬುದು ಖಂಡಿತ. ಆರದಿದ್ದ ಮಾತ್ರಕ್ಕೆ ಇಲ್ಲವೆಂದು ನಂಬಲಾಗದು. ಇಟ್ಟುಕೊಳ್ಳುವ ಮನಸ್ಸಿಲ್ಲದವರು ಗರಸು ಹಾಕಿಸಿ, ನೀರು ಹೊಯ್ಯಿಸಿ, ದಿಮ್ಮಸು ಹೊಡೆಸಿ ಬಾಯಿತನಕ ತುಂಬಿಸಿಬಿಡುವದು ಮೇಲು; ಅರ್ಧ ತುಂಬಿಸಿ ಬಿಟ್ಟರೆ ಮೊದಲಿಗಿಂತಲೂ ಅಪಾಯ ಹೆಚ್ಚು.